ಮುಂಬದಿಯ ಆಯಿಲ್ ಸೀಲು: ಬದಲಿಸುವ ಮುನ್ನ ಕಾರಣ ಹುಡುಕಿ

ಕೊಯ್ಲಿನ ಕಾಲ ಬಂತೆಂದರೆ ತೋಟದ ವಾಹನಕ್ಕೆ ಬಿಡುವೆಂಬುದಿಲ್ಲ. ಬೆಳಗ್ಗೆ ಕೆಲಸದವರನ್ನು ಕರೆತರಬೇಕು, ಮಧ್ಯಾಹ್ನ ಹಣ್ಣು ಕಾಫಿಯನ್ನು ಪಲ್ಪರಿಗೆ ಸಾಗಿಸಬೇಕು, ಸಂಜೆ ಅಡಿಕೆ ಕೊನೆಗಳನ್ನು ಮನೆಯಂಗಳಕ್ಕೆ ತರಬೇಕು, ನಡುವೆ ಪೇಟೆಗೂ ಒಮ್ಮೆ ಹೋಗಿ ಬರಬೇಕು. ಅಂಥ ಹೊತ್ತಿನಲ್ಲಿ ಗಾಡಿ ನಿಂತ ಜಾಗದಲ್ಲಿ ಅಂಗೈಯಗಲದ ಎಣ್ಣೆಯ ಕಲೆ ಕಂಡರೆ ನಾವು ಹೇಳುವ ಮಾತು ಒಂದೇ: "ಕೊಯ್ಲು ಮುಗಿಯಲಿ, ಆಮೇಲೆ ನೋಡಿದರಾಯಿತು." ಆ ಕಲೆ ಎಂಜಿನ್ನಿನ ಮುಂಬದಿಯ ಆಯಿಲ್ ಸೀಲಿನಿಂದ ಬಂದದ್ದಾದರೆ ಈ ಮಾತು ದುಬಾರಿಯಾಗುತ್ತದೆ.

ಇನ್ನೊಂದು ಮಾತನ್ನೂ ಸದಸ್ಯ ಬಾಂಧವರಿಂದ ನಾವು ಆಗಾಗ ಕೇಳುತ್ತಿರುತ್ತೇವೆ: "ಸೀಲು ಹಾಕಿಸಿ ಮೂರು ತಿಂಗಳಾಗಿಲ್ಲ, ಮತ್ತೆ ಸೋರುತ್ತಿದೆ." ಇಲ್ಲಿ ತಪ್ಪು ಸೀಲಿನದೇ ಆಗಿರಬೇಕೆಂದಿಲ್ಲ. ಹಳೆಯ ಸೀಲು ಏಕೆ ಸೋರಿತು ಎಂಬುದನ್ನು ನೋಡದೆ ಹೊಸದನ್ನು ಕೂರಿಸಿದರೆ, ಹಳೆಯದಕ್ಕೆ ಆದ ಗತಿಯೇ ಹೊಸದಕ್ಕೂ ಆಗುತ್ತದೆ. ಆದ್ದರಿಂದ ಸೀಲು ಬದಲಿಸುವ ವಿಧಾನದ ಜೊತೆಗೆ, ಅದು ಕೆಡುವ ಕಾರಣಗಳನ್ನೂ ಈ ಲೇಖನದಲ್ಲಿ ವಿವರಿಸಿದ್ದೇವೆ.

ಸೀಲು ಎಂದರೇನು?

ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡಿದಾಗ ಆ ಚಲನೆಯನ್ನು ತಿರುಗುವ ಚಲನೆಯನ್ನಾಗಿ ಮಾಡುವುದು ಕ್ರ್ಯಾಂಕ್ ಶಾಫ್ಟು. ಇದರ ಹಿಂಬದಿಯ ತುದಿಗೆ ಫ್ಲೈವೀಲ್ ಮತ್ತು ಕ್ಲಚ್ ಇರುತ್ತವೆ. ಮುಂಬದಿಯ ತುದಿ ಎಂಜಿನ್ನಿನಿಂದ ಹೊರಗೆ ಬಂದು ಪುಲ್ಲಿಯನ್ನು ತಿರುಗಿಸುತ್ತದೆ. ಒಳಗೆಲ್ಲ ಎಣ್ಣೆ, ಹೊರಗೆ ಗಾಳಿ, ಧೂಳು, ಕೆಸರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಈ ಶಾಫ್ಟಿನ ಸುತ್ತ ಎಣ್ಣೆಯನ್ನು ಒಳಗೇ ತಡೆದು, ಧೂಳನ್ನು ಹೊರಗೇ ನಿಲ್ಲಿಸುವ ಬಳೆಯಂಥ ವಸ್ತುವೇ ಆಯಿಲ್ ಸೀಲು.

ಸೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಮೂರು ಭಾಗಗಳು ಕಾಣುತ್ತವೆ. ಹೊರಗಡೆ ಗಟ್ಟಿಯಾದ ಲೋಹದ ಬಳೆ. ಕೆಲವದರಲ್ಲಿ ಇದರ ಮೇಲೂ ರಬ್ಬರಿನ ಹೊದಿಕೆ ಇರುತ್ತದೆ. ಒಳಗಡೆ ಶಾಫ್ಟಿಗೆ ತಾಗುವ ರಬ್ಬರಿನ ತೆಳು ಅಂಚು. ಇದಕ್ಕೆ ಮೆಕ್ಯಾನಿಕ್ಕುಗಳು ಲಿಪ್ ಎನ್ನುತ್ತಾರೆ. ಆ ಅಂಚಿನ ಹಿಂದೆ ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವ, ದಾರದಷ್ಟು ಸಣ್ಣ ಸ್ಪ್ರಿಂಗ್ ಬಳೆ.

ರಬ್ಬರಿನ ಅಂಚು ಶಾಫ್ಟನ್ನು ಒಣಗಿದಂತೆ ಉಜ್ಜುತ್ತಿರುತ್ತದೆ ಎಂದು ಭಾವಿಸಬಾರದು. ಇವೆರಡರ ನಡುವೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಣ್ಣೆಯ ಪೊರೆಯೊಂದು ಯಾವಾಗಲೂ ಇರುತ್ತದೆ. ಆ ಪೊರೆ ಇಲ್ಲದಿದ್ದರೆ ರಬ್ಬರು ಸುಟ್ಟುಹೋಗುತ್ತದೆ, ದಪ್ಪವಾದರೆ ಎಣ್ಣೆ ಹೊರಬರುತ್ತದೆ. ಅಂಚಿನಲ್ಲಿ ಒಂದು ಗೀರು, ಶಾಫ್ಟಿನ ಮೇಲೆ ಒಂದು ಮುಳ್ಳು, ಇಷ್ಟಾದರೆ ಸಾಕು, ಸೋರಿಕೆ ಆರಂಭವಾಗುತ್ತದೆ.

ಸೋರಿಕೆಯನ್ನು ಅಲಕ್ಷಿಸಿದರೆ

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ಇಲ್ಲಿ ಲೆಕ್ಕ ಹಾಕಿಯೇ ನೋಡಬಹುದು. ಹತ್ತು ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ಗಂಟೆಗೆ 360 ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೆ ಗಂಟೆಗೆ 18 ಮಿಲಿಲೀಟರ್ ಆಯಿತು. ದಿನಕ್ಕೆ ನಾಲ್ಕು ಗಂಟೆ ಗಾಡಿ ಓಡಿದರೆ ಎರಡು ವಾರದಲ್ಲಿ ಒಂದು ಲೀಟರ್ ಎಣ್ಣೆ ನೆಲದ ಪಾಲು. ಮಾರುತಿ 800 ಕಾರಿನಂಥ ಸಣ್ಣ ಎಂಜಿನ್ನಿನಲ್ಲಿ ಇರುವ ಎಣ್ಣೆಯೇ ಮೂರು ಲೀಟರಿನ ಆಸುಪಾಸು.

ಎದುರಿಗೆ ಕೆಂಪು ದೀಪ ಉರಿದಾಗ ಎಣ್ಣೆ ಹಾಕಿದರಾಯಿತು ಎಂದು ಕೆಲವರು ನಂಬಿರುತ್ತಾರೆ. ಆ ದೀಪ ತೋರಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ದೀಪ ಉರಿಯುವ ಹೊತ್ತಿಗೆ ಪಂಪು ಎಣ್ಣೆಗೆ ಬದಲಾಗಿ ಗಾಳಿಯನ್ನು ಎಳೆಯಲು ಆರಂಭಿಸಿರುತ್ತದೆ. ಘಟ್ಟದ ಏರಿನಲ್ಲಿ, ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿಯುವುದರಿಂದ ನಮ್ಮ ಕಡೆಯ ರಸ್ತೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬೇರಿಂಗ್ ಸುಟ್ಟರೆ ಖರ್ಚು ಸೀಲಿನ ನೂರಾರು ಪಟ್ಟು.

ಎರಡನೆಯ ಅಪಾಯ ಟೈಮಿಂಗ್ ಬೆಲ್ಟಿನದು. ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಮುಂಬದಿಯ ಸೀಲು ಬೆಲ್ಟಿನ ಕವರಿನೊಳಗೇ ಇರುತ್ತದೆ. ಸೋರಿದ ಎಣ್ಣೆ ನೇರವಾಗಿ ಬೆಲ್ಟಿಗೆ ಬೀಳುತ್ತದೆ. ಎಣ್ಣೆ ಕುಡಿದ ಬೆಲ್ಟ್ ಉಬ್ಬಿ ಮೆತ್ತಗಾಗಿ ಹಲ್ಲು ಕಳೆದುಕೊಳ್ಳುತ್ತದೆ. ಬೆಲ್ಟ್ ಹಲ್ಲು ಜಾರಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್ನುಗಳಲ್ಲಿ ವಾಲ್ವುಗಳಿಗೆ ಪಿಸ್ಟನ್ ಬಡಿದು ಅವು ಬಾಗುವುದೂ ಉಂಟು.

ಮೂರನೆಯದು ನಮ್ಮ ಕಸುಬಿಗೇ ಸಂಬಂಧಿಸಿದ್ದು. ಮೂಟೆ ತುಂಬುವಾಗ ಗಾಡಿಯನ್ನು ಕಣದ ಅಂಚಿಗೆ, ಕೆಲವೊಮ್ಮೆ ಕಣದ ಮೇಲೆಯೇ ತಂದು ನಿಲ್ಲಿಸುತ್ತೇವೆ. ಕಾಫಿ ಬೀಜ ಪರವಾಸನೆಯನ್ನು ಬೇಗ ಹೀರಿಕೊಳ್ಳುವ ಪದಾರ್ಥ. ಎಣ್ಣೆ ಬಿದ್ದ ಕಣದಲ್ಲಿ ಒಣಗಿದ ಕಾಫಿ ಲೋಟದಲ್ಲಿ ತನ್ನ ಕಥೆಯನ್ನು ಹೇಳಿಯೇ ಹೇಳುತ್ತದೆ. ವರ್ಷವಿಡೀ ದುಡಿದು ಬೆಳೆದ ಒಳ್ಳೆಯ ಕಾಫಿ ಒಂದು ರಬ್ಬರ್ ಬಳೆಯಿಂದಾಗಿ ಕೆಳದರ್ಜೆಗೆ ಇಳಿಯಬಾರದು.

ಎಲ್ಲಿಂದ ಸೋರುತ್ತಿದೆ?

ಕೆಳಗೆ ಹನಿ ಬಿದ್ದ ಮಾತ್ರಕ್ಕೆ ಅದು ಮುಂಬದಿಯ ಸೀಲಿನದೇ ಎಂದು ತೀರ್ಮಾನಿಸಬಾರದು. ಎಣ್ಣೆ ಮೇಲಿಂದ ಕೆಳಗಿಳಿದು, ಫ್ಯಾನಿನ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಕ್ಯಾಮ್ ಶಾಫ್ಟಿನ ಸೀಲು, ಆಯಿಲ್ ಚೇಂಬರಿನ ಪ್ಯಾಕಿಂಗ್, ಇವುಗಳಲ್ಲಿ ಯಾವುದು ಸೋರಿದರೂ ಕೊನೆಗೆ ಹನಿ ಬೀಳುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಮೊದಲು ತಣ್ಣಗಿರುವ ಎಂಜಿನ್ನಿನ ಮುಂಬದಿಯನ್ನು ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಚ್ಚಿದ ಬ್ರಷ್ಷಿನಿಂದ ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಬೇಕು. ಬೆಲ್ಟಿಗೂ ವಿದ್ಯುತ್ ತಂತಿಗಳಿಗೂ ಇದು ತಾಗಬಾರದು. ಪೂರ್ತಿ ಒಣಗಿದ ಮೇಲೆ ಅನುಮಾನವಿರುವ ಭಾಗಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಎಂಜಿನ್ನನ್ನು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಪೌಡರು ನೆನೆದ ಅತ್ಯಂತ ಎತ್ತರದ ಜಾಗವೇ ಸೋರಿಕೆಯ ಮೂಲ. ಪುಲ್ಲಿಯ ಹಿಂದಿನಿಂದ ಹೊರಟು ಸುತ್ತಲೂ ಚಕ್ರಾಕಾರವಾಗಿ ಎಣ್ಣೆ ಎರಚಿದ ಗುರುತಿದ್ದರೆ ಅದು ಕ್ರ್ಯಾಂಕ್ ಸೀಲಿನದೇ ಎಂದು ತಿಳಿಯಬಹುದು.

ಸೀಲು ಏಕೆ ಕೆಡುತ್ತದೆ?

ವಯಸ್ಸು ಮತ್ತು ಬಿಸಿ ಮೊದಲ ಕಾರಣ. ವರ್ಷಗಟ್ಟಲೆ ಕಾದು ರಬ್ಬರು ಬಿರುಸಾಗುತ್ತದೆ. ಹಳೆಯ ಸೀಲಿನ ಅಂಚನ್ನು ಉಗುರಿನಿಂದ ಒತ್ತಿದಾಗ ಮೆತ್ತಗಿರದೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದರೆ ಕಾರಣ ಇದೇ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತೇ ಇರುವ ಗಾಡಿಯ ಸೀಲು ಒಣಗಿ, ಮತ್ತೆ ಓಡಿಸಲು ಆರಂಭಿಸಿದಾಗ ಸೋರುವುದೂ ಉಂಟು.

ಎರಡನೆಯ ಕಾರಣ ಎಂಜಿನ್ನಿನ ಒಳಗಿನ ಒತ್ತಡ. ಸೀಲು ಮತ್ತೆ ಮತ್ತೆ ಸೋರಿದಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಹೊಗೆ ಯಾವಾಗಲೂ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಅದು ಬ್ರೀದರ್ ಪೈಪಿನ ಮೂಲಕ ಹೊರಹೋಗಬೇಕು. ಆ ಪೈಪೋ ಅದರಲ್ಲಿನ ವಾಲ್ವೋ ಮಡ್ಡಿಯಿಂದ ಕಟ್ಟಿಕೊಂಡರೆ ಒತ್ತಡ ಏರಿ, ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರಕ್ಕೆ ನೂಕುತ್ತದೆ. ಹೊಸ ಸೀಲು ಎಷ್ಟೇ ಒಳ್ಳೆಯದಿದ್ದರೂ ಇದರ ಮುಂದೆ ನಿಲ್ಲದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ತೆಳ್ಳನೆಯ ಕಾಗದವನ್ನಿಡಿ. ಕಾಗದ ಮೆಲ್ಲಗೆ ಬಾಯಿಗೆ ಅಂಟಿಕೊಂಡರೆ ಅಥವಾ ಸುಮ್ಮನೆ ನಡುಗುತ್ತಿದ್ದರೆ ತೊಂದರೆಯಿಲ್ಲ. ಗಾಳಿ ಅದನ್ನು ಮೇಲಕ್ಕೆ ಹಾರಿಸಿದರೆ ಬ್ರೀದರ್ ಪೈಪನ್ನು ಬಿಚ್ಚಿ ಶುಚಿ ಮಾಡಿ ಮತ್ತೆ ನೋಡಿ. ಶುಚಿ ಮಾಡಿದ ಮೇಲೂ ಹಾರಿದರೆ, ಹೊಗೆಯೂ ಬರುತ್ತಿದ್ದರೆ ರಿಂಗುಗಳು ಸವೆದಿವೆ ಎಂದರ್ಥ. ಅಂಥ ಎಂಜಿನ್ನಿಗೆ ಬರೀ ಸೀಲು ಹಾಕಿಸುವುದು ಹಣ ನೀರಿಗೆ ಹಾಕಿದಂತೆ.

ಮೂರನೆಯ ಕಾರಣ ಶಾಫ್ಟಿನ ಮೇಲಿನ ಗಾಡಿ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ತಿರುಗಿ, ಅಂಚಿಗೆ ಸಿಕ್ಕಿದ ಧೂಳು ಉಕ್ಕನ್ನೂ ಸವೆಸಿ ಉಂಗುರದಂಥ ಗೀರನ್ನು ಮಾಡಿರುತ್ತದೆ. ಬಾವಿಯ ಕಲ್ಲಿನ ಮೇಲೆ ಹಗ್ಗ ಗಾಡಿ ಮಾಡಿದಂತೆಯೇ ಇದು. ಕಣ್ಣಿಗೆ ಹೊಳೆಯುವ ಗೆರೆಯಂತೆ ಕಂಡರೂ ಉಗುರಿಗೆ ಸಿಕ್ಕುವುದಿಲ್ಲವಾದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡರೆ ಅದಕ್ಕೆ ಬೇರೆ ಉಪಾಯ ಬೇಕು.

ಇನ್ನು ಕ್ರ್ಯಾಂಕಿನ ಬೇರಿಂಗ್ ಸವೆದು ಶಾಫ್ಟೇ ಅಲುಗಾಡುತ್ತಿದ್ದರೆ ಯಾವ ಸೀಲೂ ನಿಲ್ಲುವುದಿಲ್ಲ. ಗೇಜು ಕಡ್ಡಿಯ ಮೇಲಿನ ಗುರುತನ್ನು ದಾಟಿ ಎಣ್ಣೆ ತುಂಬುವ ಅಭ್ಯಾಸವೂ ಸೋರಿಕೆಗೆ ದಾರಿ. "ಸೋರುತ್ತದಲ್ಲ, ಸ್ವಲ್ಪ ಹೆಚ್ಚೇ ಇರಲಿ" ಎಂದು ತುಂಬಿದರೆ ಸೋರಿಕೆ ಇನ್ನಷ್ಟಾಗುತ್ತದೆ.

ಬದಲಿಸುವ ಕ್ರಮ

ಉದಾಹರಣೆಗೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಪರಿಚಿತವಾದ ಮಾರುತಿ 800 ಕಾರನ್ನೇ ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಇದೇ 796 ಸಿ.ಸಿ., ಮೂರು ಸಿಲಿಂಡರಿನ ಎಂಜಿನ್ ಓಮ್ನಿ ವ್ಯಾನಿನಲ್ಲೂ ಇತ್ತು. ಅದರ ತಯಾರಿಕೆ 2019ರಲ್ಲಿ ನಿಂತಿತು. ಆದರೂ ಮಲೆನಾಡಿನ ತೋಟಗಳಲ್ಲಿ ಇವೆರಡೂ ಇನ್ನೂ ದುಡಿಯುತ್ತಿವೆ. ಈ ಎಂಜಿನ್ನಿನಲ್ಲಿ ಮುಂಬದಿಯ ಸೀಲು ಕ್ರ್ಯಾಂಕಿನ ತುದಿಯಲ್ಲಿರುವ ಆಯಿಲ್ ಪಂಪಿನ ಕವಚದಲ್ಲಿ, ಟೈಮಿಂಗ್ ಪುಲ್ಲಿಯ ಹಿಂದೆ ಕುಳಿತಿರುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಬೆಲ್ಟ್ ಇರುವ ಬದಿಯ ಮುಂದಿನ ಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು. ಕಲ್ಲು ಪೇರಿಸಿ ನಿಲ್ಲಿಸುವುದೂ ಸಲ್ಲದು. ನಂತರ ಆ ಬದಿಯ ಚಕ್ರವನ್ನು ಕಳಚಿ.

ಡೈನಮೋ ಎಂದು ನಾವು ಈಗಲೂ ಕರೆಯುವ ಆಲ್ಟರ್ನೇಟರನ್ನು ಸಡಿಲಿಸಿ ಫ್ಯಾನ್ ಬೆಲ್ಟನ್ನು ತೆಗೆಯಿರಿ. ಹೊರಗಿನ ಪುಲ್ಲಿಗಳು, ಆಮೇಲೆ ಟೈಮಿಂಗ್ ಬೆಲ್ಟಿನ ಕವರು ಬರುತ್ತವೆ. ಕ್ರ್ಯಾಂಕಿನ ನಡುವಿನ ದೊಡ್ಡ ಬೋಲ್ಟನ್ನು ಬೆಲ್ಟ್ ತೆಗೆಯುವ ಮೊದಲೇ ಸಡಿಲಿಸಿಕೊಳ್ಳುವುದು ಒಳ್ಳೆಯದು. ಶಾಫ್ಟು ತಿರುಗದಂತೆ ಹಿಡಿಯಲು ಗಾಡಿಯನ್ನು ಗಿಯರಿನಲ್ಲಿಟ್ಟು ಇನ್ನೊಬ್ಬರು ಕಾಲಿನ ಬ್ರೇಕನ್ನು ಬಲವಾಗಿ ಒತ್ತಿರಬೇಕು. ಮಾರುತಿ 800ರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು, ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಾಗಾಗಿ ಬರೀ ಹ್ಯಾಂಡ್ ಬ್ರೇಕ್ ಇಲ್ಲಿ ಸಾಲದು. ಬೋಲ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ಸೆಲ್ಫ್ ಹೊಡೆದು ಸಡಿಲಿಸುವ ಅಡ್ಡದಾರಿಯನ್ನು ಕೆಲವರು ಹಿಡಿಯುತ್ತಾರೆ. ಅದು ಕೈ ಮುರಿಯುವ ಕೆಲಸ.

ಈಗ ಅತ್ಯಂತ ಮುಖ್ಯವಾದ ಹಂತ. ಗಿಯರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ನನ್ನು ಕೈಯಿಂದ ತಿರುಗಿಸಿ, ಕ್ಯಾಮ್ ಪುಲ್ಲಿಯ ಗುರುತನ್ನೂ ಕ್ರ್ಯಾಂಕ್ ಪುಲ್ಲಿಯ ಗುರುತನ್ನೂ ಅವುಗಳ ಎದುರಿನ ಗುರುತುಗಳಿಗೆ ಸರಿಯಾಗಿ ಕೂಡಿಸಬೇಕು. ಎಣ್ಣೆ ಮಡ್ಡಿಯಲ್ಲಿ ಗುರುತು ಕಾಣದಿದ್ದರೆ ಒರೆಸಿ, ಬಿಳಿ ಪೇಂಟಿನ ಚುಕ್ಕೆ ಇಟ್ಟುಕೊಳ್ಳಿ. ಟೆನ್ಷನರನ್ನು ಸಡಿಲಿಸಿ ಬೆಲ್ಟ್ ತೆಗೆದ ಮೇಲೆ ಎರಡು ಪುಲ್ಲಿಗಳನ್ನೂ ಬೇರೆ ಬೇರೆಯಾಗಿ ತಿರುಗಿಸಬಾರದು. ಬೋಲ್ಟ್ ತೆಗೆದು ಪುಲ್ಲಿಯನ್ನು ಎಳೆದಾಗ ಹಿಂದಿನ ತಟ್ಟೆ ಯಾವ ಮುಖವಾಗಿತ್ತು, ಸಣ್ಣ ಕೀಲಿ ಎಲ್ಲಿತ್ತು ಎಂಬುದನ್ನು ನೋಡಿಟ್ಟುಕೊಳ್ಳಿ.

ಈಗ ಸೀಲು ಕಾಣುತ್ತದೆ. ಅದು ಕವಚದಲ್ಲಿ ಎಷ್ಟು ಆಳದಲ್ಲಿದೆ ಎಂದು ಮೊದಲು ಅಳೆದುಕೊಳ್ಳಿ. ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆಯುವಾಗ ಶಾಫ್ಟಿಗೆ ಗೀರು ಬಿದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಸೀಲಿನ ಲೋಹದ ಭಾಗದಲ್ಲಿ ಸಣ್ಣ ರಂಧ್ರ ಮಾಡಿ ಒಂದು ಸ್ಕ್ರೂ ಕೂರಿಸಿ, ಆ ಸ್ಕ್ರೂವನ್ನು ಕಟಿಂಗ್ ಪ್ಲೇಯರಿನಿಂದ ಹಿಡಿದು ಎಳೆಯುವುದು ಸುರಕ್ಷಿತ. ಡ್ರಿಲ್ಲಿನ ಮೊನೆ ಸೀಲಿನಿಂದ ಆಚೆಗೆ ಇಳಿಯಬಾರದು, ಲೋಹದ ಪುಡಿ ಒಳಗೆ ಬೀಳಬಾರದು.

ಹೊಸ ಸೀಲನ್ನು ಕೂರಿಸುವುದು

ಹೊಸ ಸೀಲನ್ನು ಹಳೆಯದರ ಪಕ್ಕದಲ್ಲಿಟ್ಟು ಒಳಸುತ್ತು, ಹೊರಸುತ್ತು, ದಪ್ಪ ಮೂರನ್ನೂ ಹೋಲಿಸಿ ನೋಡಿ. ಅದರ ಮೇಲೆ ಬಾಣದ ಗುರುತಿದ್ದರೆ ಅದು ಶಾಫ್ಟು ತಿರುಗುವ ದಿಕ್ಕಿಗೇ ಇರಬೇಕು. ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯಿರುವ ಒಳಬದಿಗೆ.

ಕವಚವನ್ನೂ ಶಾಫ್ಟನ್ನೂ ಶುಭ್ರವಾದ ಬಟ್ಟೆಯಿಂದ ಒರೆಸಿ. ಗಾಡಿ ಬಿದ್ದ ಶಾಫ್ಟಾಗಿದ್ದರೆ ಕವಚದಲ್ಲಿ ಜಾಗವಿದ್ದಾಗ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿದರೆ ಅಂಚು ಹೊಸ ಜಾಗದಲ್ಲಿ ತಿರುಗುತ್ತದೆ. ಆದರೆ ಒಳಗಿನ ಎಣ್ಣೆಯ ರಂಧ್ರ ಮುಚ್ಚಿಹೋಗಬಾರದು. ಜಾಗವಿಲ್ಲದಿದ್ದರೆ ಶಾಫ್ಟಿನ ಮೇಲೆ ತೆಳ್ಳನೆಯ ಉಕ್ಕಿನ ತೋಳು ಕೂರಿಸುವ ಪದ್ಧತಿಯೂ ಇದೆ.

ರಬ್ಬರಿನ ಅಂಚಿಗೆ ಎಂಜಿನ್ ಎಣ್ಣೆಯನ್ನು ಸವರಿ. ಒಣಗಿದ ಸೀಲು ಮೊದಲ ಕೆಲವು ಸುತ್ತಿನಲ್ಲೇ ಸುಟ್ಟುಹೋಗಬಹುದು. ಈಚಿನ ಕೆಲವು ಕಾರುಗಳಲ್ಲಿ ಬರುವ, ಸ್ಪ್ರಿಂಗ್ ಇಲ್ಲದ ಟೆಫ್ಲಾನ್ ಅಂಚಿನ ಸೀಲುಗಳಿಗೆ ಮಾತ್ರ ಈ ಮಾತು ಸಲ್ಲದು. ಅವನ್ನು ಎಣ್ಣೆ ಸವರದೆ ಒಣಗಿದಂತೆಯೇ ಹಾಕಬೇಕು. ಯಾವುದೆಂದು ತಿಳಿಯದಿದ್ದರೆ ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿ.

ಶಾಫ್ಟಿನ ಕೀಲಿಯ ಜಾಡಿನ ಚೂಪು ಅಂಚು ರಬ್ಬರನ್ನು ಕತ್ತರಿಸುತ್ತದೆ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಶಾಫ್ಟಿಗೆ ಸುತ್ತಿ, ಅದರ ಮೇಲಿಂದ ಸೀಲನ್ನು ಜಾರಿಸಿ, ಆಮೇಲೆ ಹಾಳೆಯನ್ನು ಎಳೆದುಬಿಡಿ. ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡನ್ನೋ ದೊಡ್ಡ ಸಾಕೆಟ್ಟನ್ನೋ ಇಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟುತ್ತ ಒಳಗಿಳಿಸಿ. ನೇರವಾಗಿ ಸುತ್ತಿಗೆಯಿಂದ ಒಂದು ಬದಿಗೆ ಹೊಡೆದರೆ ಸೀಲು ಓರೆಯಾಗುತ್ತದೆ, ಒಳಗಿನ ಸ್ಪ್ರಿಂಗ್ ಜಾರಿ ಬೀಳುತ್ತದೆ. ಅದು ಬಿದ್ದದ್ದು ಹೊರಗಿನಿಂದ ಕಾಣುವುದಿಲ್ಲ. ಮರುದಿನ ಎಣ್ಣೆಯ ಕಲೆಯೇ ಅದನ್ನು ತಿಳಿಸುತ್ತದೆ.

ಎಣ್ಣೆ ತಾಗಿದ ಟೈಮಿಂಗ್ ಬೆಲ್ಟನ್ನು ಒರೆಸಿ ಮತ್ತೆ ಹಾಕಬಾರದು, ಹೊಸದನ್ನೇ ಹಾಕಬೇಕು. ಕ್ಯಾಮ್ ಶಾಫ್ಟಿನ ಸೀಲನ್ನೂ ಈಗಲೇ ಬದಲಿಸಿಬಿಡುವುದು ಜಾಣತನ. ಈ ಕೆಲಸದಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು. ಆ ಕೂಲಿಯನ್ನು ಎರಡು ಸಲ ಏಕೆ ಕೊಡಬೇಕು?

ಗುರುತುಗಳನ್ನು ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಎಂಜಿನ್ನನ್ನು ಸ್ಪ್ಯಾನರಿನಿಂದ ಅದು ತಿರುಗುವ ದಿಕ್ಕಿಗೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಿ. ಗಟ್ಟಿಯಾಗಿ ಏನೋ ತಡೆದಂತಾದರೆ ಬಲವಂತ ಮಾಡದೆ ಮೊದಲಿನಿಂದ ನೋಡಿ. ನಡುವಿನ ಬೋಲ್ಟನ್ನು ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಎಲ್ಲ ಜೋಡಿಸಿ, ಎಣ್ಣೆಯ ಮಟ್ಟ ನೋಡಿ, ಹತ್ತು ನಿಮಿಷ ಓಡಿಸಿ, ಕೆಳಗೆ ಕಾಗದ ಹಾಸಿ ಪರೀಕ್ಷಿಸಿ.

ಜೀಪುಗಳ ಮಾತು

ಹಳೆಯ ವಿಲ್ಲಿಸ್ ಮಾದರಿಯ ಪೆಟ್ರೋಲ್ ಜೀಪುಗಳಲ್ಲಿ ಬೆಲ್ಟಿನ ಗೊಡವೆಯಿಲ್ಲ. ಟೈಮಿಂಗ್ ಗಿಯರಿನಿಂದ ನಡೆಯುತ್ತದೆ. ಸೀಲು ಗಿಯರಿನ ಮುಂದಿನ ಕವರಿನಲ್ಲಿರುತ್ತದೆ, ಅದನ್ನು ತಲುಪಲು ರೇಡಿಯೇಟರನ್ನು ತೆಗೆಯಬೇಕಾಗುತ್ತದೆ. ಅಲ್ಲಿ ಸೀಲಿನ ಅಂಚು ಪುಲ್ಲಿಯ ಕತ್ತಿನ ಮೇಲೆ ಉಜ್ಜುವುದರಿಂದ ಗಾಡಿ ಬೀಳುವುದೂ ಪುಲ್ಲಿಗೇ. ಸೀಲಿನ ಜೊತೆ ಪುಲ್ಲಿಯ ಕತ್ತನ್ನೂ ಉಗುರಿನಿಂದ ಪರೀಕ್ಷಿಸದೆ ಜೋಡಿಸಬೇಡಿ.

ಕಳೆ ಕೊಚ್ಚುವ ಯಂತ್ರಕ್ಕೂ ಇದೇ ನ್ಯಾಯ

ತೋಟದಲ್ಲಿ ಬಳಸುವ ಟೂ ಸ್ಟ್ರೋಕ್ ಕಳೆ ಯಂತ್ರಗಳಲ್ಲೂ ಕ್ರ್ಯಾಂಕಿಗೆ ಇಂಥದ್ದೇ ಸೀಲುಗಳಿವೆ. ಅಲ್ಲಿ ಸೀಲು ಕೆಟ್ಟರೆ ಎಣ್ಣೆ ಹನಿಯುವುದಕ್ಕಿಂತ ಮುಖ್ಯವಾಗಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಮಿಶ್ರಣ ತೆಳುವಾಗಿ, ಯಂತ್ರ ತನ್ನಷ್ಟಕ್ಕೆ ವೇಗ ಏರಿಸುತ್ತ ಇಳಿಸುತ್ತ ಓಡುತ್ತದೆ, ಕೊನೆಗೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಾರ್ಬುರೇಟರ್ ಎಷ್ಟು ತಿರುಗಿಸಿದರೂ ಸರಿಹೋಗದ ಯಂತ್ರವಿದ್ದರೆ ಸೀಲನ್ನು ನೋಡಿಸಿ.

ಕಡೆಯದಾಗಿ

ಈ ಕೆಲಸವನ್ನು ಎಲ್ಲರೂ ತಾವೇ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಅಭ್ಯಾಸವಿಲ್ಲದವರು ಟೈಮಿಂಗ್ ಬೆಲ್ಟಿಗೆ ಕೈ ಹಾಕದಿರುವುದೇ ಲೇಸು. ಆದರೆ ವರ್ಕ್‌ಶಾಪಿಗೆ ಹೋದಾಗ ನಾಲ್ಕು ಪ್ರಶ್ನೆ ಕೇಳುವುದು ನಮ್ಮ ಕೈಯಲ್ಲೇ ಇದೆ: ಬ್ರೀದರ್ ಶುಚಿ ಮಾಡಿದಿರಾ? ಶಾಫ್ಟಿನಲ್ಲಿ ಗಾಡಿ ಬಿದ್ದಿದೆಯೇ? ಬೇರಿಂಗ್ ಅಲುಗಾಡುತ್ತಿದೆಯೇ? ಬೆಲ್ಟಿಗೆ ಎಣ್ಣೆ ತಾಗಿದೆಯೇ? ತೆಗೆದ ಹಳೆಯ ಸೀಲನ್ನು ಕೇಳಿ ಪಡೆದು ನೋಡಿ. ಕೆಟ್ಟ ಕಾರಣವನ್ನು ಅದರ ಅಂಚೇ ತೋರಿಸುತ್ತದೆ.

ಸೋರಿದ ಮತ್ತು ಬದಲಿಸಿದ ಎಣ್ಣೆಯನ್ನು ತೋಡಿಗೆ, ಕೆರೆಯ ಅಂಚಿಗೆ, ತೋಟದ ಮಣ್ಣಿಗೆ ಚೆಲ್ಲಬೇಡಿ. ಅಡಿಕೆ ಬೇಯಿಸುವ ಒಲೆಗೂ ಸುರಿಯಬೇಡಿ. ಬಳಸಿದ ಎಂಜಿನ್ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ಅಂಶಗಳಿರುತ್ತವೆ. ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ವರ್ಕ್‌ಶಾಪಿಗೆ ಒಪ್ಪಿಸಿ.

ಮಳೆ ಬಿಟ್ಟು ಕೊಯ್ಲು ಬಿರುಸಾಗುವ ಮೊದಲು ಒಂದು ಬಿಡುವಿನ ದಿನ ಸಿಕ್ಕೇ ಸಿಗುತ್ತದೆ. ಅಂದು ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿಟ್ಟು, ಬೆಳಗ್ಗೆ ತೆಗೆದು ನೋಡಿ. ಎಣ್ಣೆಯ ಚುಕ್ಕೆ ಕಂಡರೆ ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಕೊಯ್ಲಿನ ಮೊದಲೇ ಅದರ ಮೂಲ ಹುಡುಕಿಸಿ.